ಅಂತರ್ಮುಖತೆಯೂ ಭರವಸೆಯೂ

ನಮ್ಮ ಪತ್ರಿಕೆಯ ಚಂದಾದಾರರೊಬ್ಬರಿಂದ ಕಳೆದ ವಾರ ನಮಗೊಂದು ಪತ್ರ ಬಂದಿತು. ಅವರು ಸರಕಾರಿ ನೌಕರಿಯಿಂದ ನಿವೃತ್ತರಾದ ಗೃಹಸ್ಥರು. ಮೂವತ್ತು ವರ್ಷಗಳಿಂದ ಒಂದು ದಿನವೂ ತಪ್ಪದೆ ನಮ್ಮ ಪತ್ರಿಕೆಯನ್ನು ತರಿಸುತ್ತ ಬಂದವರು. ನಮ್ಮ ತಪ್ಪುಗಳನ್ನು ಕಾಲಕಾಲಕ್ಕೆ ತೋರಿಸಿಕೊಟ್ಟು ನಮ್ಮನ್ನು ತಿದ್ದಿದವರು. ಬರುವ ತಿಂಗಳ ಒಂದನೆಯ ತಾರೀಖಿನಿಂದ ತಮಗೆ ಪತ್ರಿಕೆಯನ್ನು ಕಳಿಸಬಾರದೆಂದು ಅವರು ಬರೆದಿದ್ದಾರೆ. ಚಂದಾ ಹಣದ ಅಡಚಣೆ ಅವರಿಗಿಲ್ಲ. ನಮ್ಮ ನೀತಿಯ ವಿಷಯದಲ್ಲಿ ಅಸಮಾಧಾನವೂ ಇಲ್ಲ. ಮುಂಜಾನೆ ಎದ್ದು ಪತ್ರಿಕೆಯನ್ನು ಬಿಚ್ಚಿದರೆ ಯುದ್ಧ, ಕೊಲೆ, ಲಂಚ, ಮತದ್ವೇಷ, ಬರ, ನೆರೆ ಇವಲ್ಲದೆ ಬೇರೆ ಸುದ್ದಿಯಿಲ್ಲವೆಂದೂ, ಇವನ್ನೇ ಓದಿ ಓದಿ ಲೋಕದ ಮೇಲಣ ಆಶೆಯು ಬತ್ತಿಹೋಯಿತೆಂದೂ, ಇನ್ನು ಮೇಲೆ ಆ ಹೊತ್ತನ್ನು ಕಣ್ಣುಮುಚ್ಚಿ ಧ್ಯಾನದಲ್ಲಿ ಕಳೆಯಲು ನಿಶ್ಚಯಿಸಿರುವುದಾಗಿಯೂ ಅವರು ತಿಳಿಸಿದ್ದಾರೆ. ಪತ್ರದ ಕೊನೆಗೆ, ‘ಲೋಕವನ್ನು ನೀವು ನೋಡಿಕೊಳ್ಳಿರಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ’ ಎಂಬ ಒಂದು ವಾಕ್ಯವಿದೆ.

ಈ ವಾಕ್ಯವು ನಮ್ಮ ಮನಸ್ಸಿನಲ್ಲಿ ನಟ್ಟು ನಿಂತಿದೆ. ಪತ್ರವನ್ನೋದಿ ನಮಗೆ ಸಿಟ್ಟು ಬರಲಿಲ್ಲ. ಅವರು ಹೇಳಿದ ಸುದ್ದಿಗಳನ್ನು ದಿನವೂ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸುವವರು ನಾವೇ ಆಗಿರಲು, ಅವುಗಳ ಕಹಿಯನ್ನು ಉಂಡವರ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ. ಅದಲ್ಲದೆ ಸುದ್ದಿಯು ಮುಂಜಾನೆಗೊಮ್ಮೆ ಬಂದು ಹೋಗುವ ಅತಿಥಿಯಾಗಿದ್ದ ಕಾಲವು ಕಳೆಯಿತು. 2022ರಲ್ಲಿ ಯುಕ್ರೇನಿನಲ್ಲಿ ಹೊತ್ತಿದ ಬೆಂಕಿಯೂ 2023ರಲ್ಲಿ ಗಾಝಾದಲ್ಲಿ ಹೊತ್ತಿದ ಬೆಂಕಿಯೂ ಮೊಬೈಲು ಫೋನಿನ ದಾರಿಯಿಂದ ನಮ್ಮ ಊಟದ ತಟ್ಟೆಯ ಪಕ್ಕಕ್ಕೇ ಬಂದು ಬಿದ್ದವು. ಹೀಗಿರಲು ಒಬ್ಬ ಸಜ್ಜನರು ಬಾಗಿಲು ಹಾಕಿಕೊಂಡು ಒಳಗೆ ಕುಳಿತುಕೊಳ್ಳಬೇಕೆಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಆದರೂ ಅವರ ಮಾತಿನ ಹಿಂದಿರುವ ಒಂದು ಭಾವನೆಯನ್ನು ಪರೀಕ್ಷಿಸದೆ ಒಪ್ಪಲು ನಾವು ಸಿದ್ಧರಿಲ್ಲ. ಲೋಕವು ಎಲ್ಲಿ ಮುಗಿಯುವುದೋ ಅಲ್ಲಿಂದ ಧ್ಯಾನವು ಆರಂಭವಾಗುತ್ತದೆಂಬುದೇ ಆ ಭಾವನೆ. ನಮ್ಮ ಊರುಗಳ ಸುಶಿಕ್ಷಿತರಲ್ಲಿ ಇದು ಬಲವಾಗಿ ಬೇರೂರಿದೆ. ಧ್ಯಾನವೊಂದಿದ್ದರೆ ಸಾಕು, ಲೋಕದ ಗೊಡವೆ ಯಾಕೆಂದು ಕೆಲವರು ಹೇಳುತ್ತಾರೆ. ಲೋಕವು ಉರಿಯುತ್ತಿರುವಾಗ ಕಣ್ಣುಮುಚ್ಚಿ ಕುಳಿತುಕೊಳ್ಳುವುದು ಅಪರಾಧವೆಂದು ಬೇರೆ ಕೆಲವರು ಹೇಳುತ್ತಾರೆ. ಇವರು ಪರಸ್ಪರ ವಿರೋಧಿಗಳೆಂದು ಕಂಡರೂ ಧ್ಯಾನಕ್ಕೂ ಲೋಕಕಾರ್ಯಕ್ಕೂ ಸಂಬಂಧವಿಲ್ಲವೆಂಬ ಒಂದು ಮಾತಿನಲ್ಲಿ ಇಬ್ಬರೂ ಏಕಾಭಿಪ್ರಾಯವುಳ್ಳವರಾಗಿದ್ದಾರೆ. ಇದರ ಸತ್ಯಾಸತ್ಯವನ್ನು ತಿಳಿಯಲು ಶಾಸ್ತ್ರಗ್ರಂಥಗಳ ವರೆಗೆ ಹೋಗಬೇಕಾದುದಿಲ್ಲ. ಯಾರ ಕೈಯಿಂದ ಲೋಕವನ್ನೇ ಸರಕಾರವು ಕಸಿದುಕೊಂಡಿತೋ ಅಂಥ ಕೆಲವರ ಜೀವನವು ನಮ್ಮ ದೇಶದ ಇತಿಹಾಸದಲ್ಲಿ ದಾಖಲಾಗಿದೆ. ಸೆರೆಮನೆಯ ಏಕಾಂತದಲ್ಲಿ ಅವರು ಏನು ಮಾಡಿದರು, ಹೊರಗೆ ಬಂದ ಮೇಲೆ ಏನು ಮಾಡಿದರು ಎಂಬುದನ್ನು ನೋಡಿದರೆ ಸಾಕು.

ಮಂಡಾಲೆಯ ಪೆನ್ಸಿಲು

1908ನೆಯ ಇಸವಿ ಜುಲೈ 22ರಂದು ಮುಂಬಯಿಯ ಹೈಕೋರ್ಟು ಲೋಕಮಾನ್ಯ ಟಿಳಕರಿಗೆ ಆರು ವರ್ಷಗಳ ಗಡೀಪಾರಿನ ಶಿಕ್ಷೆಯನ್ನು ವಿಧಿಸಿತು. ಮುಜಫರಪುರದ ಬಾಂಬಿನ ಪ್ರಕರಣವನ್ನು ಕುರಿತು ‘ಕೇಸರಿ’ಯಲ್ಲಿ ಪ್ರಕಟವಾದ ಲೇಖನಗಳೇ ಅವರ ಅಪರಾಧ. ಮರುದಿನ ಅವರಿಗೆ 52 ವರ್ಷಗಳು ತುಂಬುವುದಿದ್ದವು; ಮೈಯಲ್ಲಿ ಮಧುಮೇಹವಿದ್ದಿತು. ಮುಂಬಯಿಯ ಗಿರಣಿ ಕೂಲಿಕಾರರು ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಆ ಬಳಿಕ ಗಿರಣಿಗಳು ಮತ್ತೆ ತಿರುಗಿದವು. ಹಿಂದಿನ ವರ್ಷವೇ ಸೂರತ್ತಿನಲ್ಲಿ ಕಾಂಗ್ರೆಸ್ಸು ಒಡೆದು ಎರಡಾಗಿದ್ದಿತು. ಲೋಕಮಾನ್ಯರ ಪಕ್ಷದವರು ಚದುರಿಹೋಗಿದ್ದರು. ಬರ್ಮಾ ದೇಶದ ಮಂಡಾಲೆಯ ಸೆರೆಮನೆಯಲ್ಲಿ ಕುಳಿತು ಆ ಹೊತ್ತಿನ ರಾಜಕಾರಣದ ಲೆಕ್ಕ ಹಾಕಿದವನಿಗೆ ಉಳಿತಾಯದ ಪುಟದಲ್ಲಿ ಬರೆಯಲು ಏನೂ ಇರಲಿಲ್ಲ.

ಅಂಥ ಸ್ಥಿತಿಯಲ್ಲಿ ಅವರು ತಮ್ಮ ಹುಡುಗತನದಿಂದಲೂ ಮನಸ್ಸಿನಲ್ಲಿ ಕಾಡುತ್ತಿದ್ದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡರು. 1872ರಲ್ಲಿ ತಂದೆಯವರು ಕೊನೆಯ ಬೇನೆಯಲ್ಲಿ ಮಲಗಿದ್ದಾಗ, ಹದಿನಾರು ವರ್ಷದ ಬಾಲಕ ಬಾಳ ಗಂಗಾಧರನು ಅವರಿಗೆ ಗೀತೆಯ ಮರಾಠಿ ಟೀಕೆಯನ್ನು ಓದಿ ಹೇಳುತ್ತಿದ್ದನು. ಯುದ್ಧಕ್ಕೆ ಹಿಂಜರಿದವನನ್ನು ಯುದ್ಧಕ್ಕೆ ನಿಲ್ಲಿಸಿದ ಗ್ರಂಥವು ಕರ್ಮವನ್ನು ಬಿಡಲು ಹೇಳುವುದು ಹೇಗೆ ಸಾಧ್ಯವೆಂಬ ಸಂದೇಹವು ಅಂದಿನಿಂದ ಅವರನ್ನು ಬಿಟ್ಟಿರಲಿಲ್ಲ. 1910ರ ನವೆಂಬರದಿಂದ 1911ರ ಮಾರ್ಚಿನ ವರೆಗೆ, ಸುಮಾರು ಐದು ತಿಂಗಳಲ್ಲಿ, ಮಂಡಾಲೆಯಲ್ಲಿ ‘ಗೀತಾರಹಸ್ಯ’ದ ಬರವಣಿಗೆ ನಡೆಯಿತು. ಮಸಿಯನ್ನು ಕೊಡುತ್ತಿರಲಿಲ್ಲ, ಪೆನ್ಸಿಲಿನಿಂದಲೇ ಬರೆಯಬೇಕು. ಬಿಡಿ ಹಾಳೆಗಳಿಗೂ ಅವಕಾಶವಿರಲಿಲ್ಲ. ಪುಟಗಳನ್ನೆಣಿಸಿದ ಹೊಲಿದ ವಹಿಗಳಲ್ಲಿಯೇ ಬರೆಯಬೇಕು. 1912ರಲ್ಲಿ ಅವರ ಪತ್ನಿ ಸತ್ಯಭಾಮಾಬಾಯಿಯವರು ಪುಣೆಯಲ್ಲಿ ತೀರಿಕೊಂಡರು. ಆ ಸುದ್ದಿಯೂ ಅವರಿಗೆ ಆ ಗೋಡೆಗಳ ಒಳಗೇ ಬಂದು ಮುಟ್ಟಿತು.

1914ರ ಜೂನಿನಲ್ಲಿ ಬಿಡುಗಡೆಯಾದಾಗ ವಹಿಗಳನ್ನು ಸರಕಾರವು ಇಟ್ಟುಕೊಂಡಿದ್ದಿತು. ಕೆಲಕಾಲದ ಮೇಲೆ ಹಿಂದಿರುಗಿಸಿತು. 1915ರಲ್ಲಿ ಗ್ರಂಥವು ಪ್ರಕಟವಾಯಿತು. ಆಲೂರ ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ಫಲದ ಮೇಲೆ ಕಣ್ಣಿಡದೆ ಕರ್ತವ್ಯವನ್ನು ಮಾಡುವುದೇ ಗೀತೆಯ ಹೃದಯವೆಂಬುದು ಆ ಸಾವಿರಾರು ಪೆನ್ಸಿಲಿನ ಸಾಲುಗಳ ಸಾರ. ಗ್ರಂಥ ಬರೆದವರು ಅದನ್ನು ಆಚರಣೆಯಲ್ಲಿ ತೋರಿಸಲು ಬಹಳ ದಿನ ತೆಗೆದುಕೊಳ್ಳಲಿಲ್ಲ. 1916ರ ಏಪ್ರಿಲದಲ್ಲಿ, ಸೆರೆಮನೆಯಿಂದ ಹೊರಬಿದ್ದು ಎರಡು ವರ್ಷಗಳು ತುಂಬುವುದರೊಳಗಾಗಿ, ನಮ್ಮ ಬೆಳಗಾವಿಯಲ್ಲಿಯೇ ಹೋಮರೂಲ ಸಂಘವನ್ನು ಸ್ಥಾಪಿಸಿ ಅವರು ಮತ್ತೆ ಊರೂರು ತಿರುಗಲಾರಂಭಿಸಿದರು. 1920ರ ಆಗಸ್ಟ್ 1ರಂದು ಅವರು ತೀರಿಕೊಂಡಾಗ ಸ್ವರಾಜ್ಯಕ್ಕೆ ಇನ್ನೂ 27 ವರ್ಷಗಳ ದಾರಿ ಇದ್ದಿತು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದಕ್ಕೆ ನಾವು ಮತ್ತೆ ಬರುವೆವು.

ಅಲೀಪುರದ ಇರುವೆಗಳು

ಅದೇ 1908ರ ಮೇ 2ರಂದು ಕಲಕತ್ತೆಯಲ್ಲಿ ಅರವಿಂದ ಘೋಷರನ್ನು ಹಿಡಿದರು. ಅಲೀಪುರದ ಸೆರೆಮನೆಯಲ್ಲಿ ಅವರಿಗೆ ಕೊಟ್ಟ ಕೋಣೆಯು ಒಂಬತ್ತು ಅಡಿ ಉದ್ದ, ಐದಾರು ಅಡಿ ಅಗಲ; ಕಿಟಕಿಯಿಲ್ಲ; ಎದುರಿಗೆ ಕಬ್ಬಿಣದ ಸರಳುಗಳ ಬಾಗಿಲು. ವಿಲಾಯತಿಯಲ್ಲಿ ಕಲಿತು ಬಂದ, ಬಡೋದೆಯ ಕಾಲೇಜಿನಲ್ಲಿ ಕಲಿಸಿದ, ‘ವಂದೇ ಮಾತರಂ’ ಪತ್ರಿಕೆಯಲ್ಲಿ ಬೆಂಕಿಯಂಥ ಲೇಖನಗಳನ್ನು ಬರೆದ ಆ ವಿದ್ವಾಂಸರಿಗೆ ಮೊದಲ ದಿನಗಳಲ್ಲಿ ಓದಲು ಒಂದು ಪುಸ್ತಕವೂ ಇರಲಿಲ್ಲ. ಆ ದಿನಗಳ ವೃತ್ತಾಂತವನ್ನು ಅವರೇ ಮುಂದೆ ಬಂಗಾಲಿಯಲ್ಲಿ ‘ಕಾರಾಕಾಹಿನಿ’ ಎಂಬ ಹೆಸರಿನಿಂದ ಬರೆದರು. ಮಾಡಲು ಕೆಲಸವಿಲ್ಲದೆ, ಮಾತಾಡಲು ಜನರಿಲ್ಲದೆ, ಅವರು ನೆಲದ ಮೇಲೆ ಹರಿದಾಡುವ ಇರುವೆಗಳನ್ನು ನೋಡುತ್ತ ಕುಳಿತಿರುತ್ತಿದ್ದರು. ಕೆಂಪಿರುವೆಗಳ ಬಾಯಿಗೆ ಸಿಕ್ಕ ಕರಿಯಿರುವೆಗಳ ಮೇಲೆ ಕನಿಕರಗೊಂಡು ಅವುಗಳನ್ನು ಬಿಡಿಸುತ್ತಿದ್ದರು. ಒಂದು ಸಾಮ್ರಾಜ್ಯವನ್ನು ನಡುಗಿಸಿದನೆಂದು ಆರೋಪ ಹೊತ್ತ ಮನುಷ್ಯನ ಹಗಲು ಹೀಗೆ ಕಳೆಯಿತು.

ಕೆಲವು ದಿನಗಳಾದ ಮೇಲೆ ಇದೂ ಸಾಲದಾಯಿತು. ತಮ್ಮ ವಿಚಾರಗಳು ತಮ್ಮ ಹತೋಟಿಯನ್ನು ಮೀರಿ ಓಡಹತ್ತಿದವೆಂದೂ, ಏಕಾಂತವಾಸವು ಬಲವಾದ ಬುದ್ಧಿಯನ್ನು ಸಹ ಹೇಗೆ ಕೆಡಿಸಬಲ್ಲದೆಂಬುದು ತಮಗಾಗ ತಿಳಿಯಿತೆಂದೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಸಂಕಟದಲ್ಲಿ ಅವರು ಪ್ರಾರ್ಥಿಸಿದರು, ಮನಸ್ಸು ತಣ್ಣಗಾಯಿತು. ಮನೆಯಿಂದ ಗೀತೆಯೂ ಉಪನಿಷತ್ತುಗಳೂ ಬಂದವು. ಬೆಳಿಗ್ಗೆ ಸಂಜೆ ಅಂಗಳದಲ್ಲಿ ತಿರುಗಾಡಲು ಅಪ್ಪಣೆ ದೊರೆಯಿತು. 1909ರ ಮೇ 6ರಂದು ನ್ಯಾಯಾಲಯವು ಅವರನ್ನು ದೋಷಮುಕ್ತರೆಂದು ಬಿಟ್ಟಿತು. ಅದೇ ತಿಂಗಳ 30ರಂದು ಉತ್ತರಪಾರಾದಲ್ಲಿ ಕೂಡಿದ ಜನರ ಮುಂದೆ, ಸೆರೆಮನೆಯ ಕಳ್ಳರಲ್ಲಿಯೂ ದರೋಡೆಕಾರರಲ್ಲಿಯೂ, ತಮ್ಮನ್ನು ಕಾಯುವವರಲ್ಲಿಯೂ, ನ್ಯಾಯಾಸನದ ಮೇಲೆ ಕುಳಿತವರಲ್ಲಿಯೂ ತಾವು ವಾಸುದೇವನನ್ನೇ ಕಂಡುದಾಗಿ ಅವರು ಹೇಳಿದರು.

ಈ ಅನುಭವದ ತತ್ತ್ವವನ್ನು ಒಪ್ಪುವುದು ಬಿಡುವುದು ಅವರವರ ಶ್ರದ್ಧೆಗೆ ಸೇರಿದ್ದು. ನಾವು ನೋಡಬೇಕಾದುದು ಅದರ ಪರಿಣಾಮವನ್ನು. ಅವರು ಹೊರಬಂದಾಗ ಬಂಗಾಲದ ಚಳವಳಿಯು ನೆಲಕಚ್ಚಿದ್ದಿತು, ಮುಂದಾಳುಗಳಲ್ಲಿ ಹಲವರು ಗಡೀಪಾರಾಗಿದ್ದರು, ಲೋಕಮಾನ್ಯರು ಮಂಡಾಲೆಯಲ್ಲಿದ್ದರು. ಹಿಂದೆ ಸಾವಿರಾರು ಕೊರಳುಗಳ ಘೋಷವಿದ್ದಲ್ಲಿ ಈಗ ಮೌನವಿದ್ದಿತು. ಆದಾಗ್ಯೂ ಜೂನ್ ತಿಂಗಳಲ್ಲಿಯೇ ಅವರು ಒಂದು ವಾರಪತ್ರಿಕೆಯನ್ನು ಆರಂಭಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಕರ್ಮಯೋಗಿನ್’. ಧ್ಯಾನದಿಂದೆದ್ದವರು ಮಾಡಿದ ಮೊದಲನೆಯ ಕೆಲಸವು ಪತ್ರಿಕೆಯನ್ನು ಹೊರಡಿಸುವುದಾಗಿತ್ತೆಂಬುದನ್ನು ನಮ್ಮ ಚಂದಾದಾರರು ದಯಮಾಡಿ ಲಕ್ಷಿಸಬೇಕು.

ಇಲ್ಲಿ ಅವರು ಒಂದು ಆಕ್ಷೇಪವನ್ನೆತ್ತಬಹುದು. 1910ರಲ್ಲಿ ಅರವಿಂದರು ರಾಜಕಾರಣವನ್ನು ಬಿಟ್ಟು ಪಾಂಡಿಚೇರಿಗೆ ಹೋಗಲಿಲ್ಲವೆ? 1926ರ ತರುವಾಯ ತಮ್ಮ ಕೋಣೆಯನ್ನು ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಲಿಲ್ಲವೆ? ನಿಜ. ಆದರೆ ಆ ಕೋಣೆಯಿಂದಲೇ ಅವರು ಶಿಷ್ಯರಿಗೆ ಸಾವಿರಾರು ಪತ್ರಗಳನ್ನು ಬರೆದರು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ವಿರುದ್ಧ ಮಿತ್ರರಾಷ್ಟ್ರಗಳ ಪಕ್ಷವನ್ನು ಬಹಿರಂಗವಾಗಿ ಎತ್ತಿಹಿಡಿದರು. 1942ರಲ್ಲಿ ಕ್ರಿಪ್ಸ್ ಸಲಹೆಯನ್ನು ಒಪ್ಪಬೇಕೆಂದು ಸಂದೇಶ ಕಳಿಸಿದರು. ಅವರ ಅಭಿಪ್ರಾಯಗಳು ಎಲ್ಲರಿಗೂ ಹಿಡಿಸಿದವೆಂದಲ್ಲ. ಲೋಕಕ್ಕೆ ಅವರು ಬೆನ್ನು ತಿರುಗಿಸಲಿಲ್ಲವೆಂಬಷ್ಟೇ ನಮ್ಮ ವಾದ. ಬಾಗಿಲು ಮುಚ್ಚಿದ್ದರೂ ಕಿಟಕಿ ತೆರೆದಿದ್ದಿತು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳದಿದ್ದರೆ ನಾವು ಸತ್ಯಕ್ಕೆ ದ್ರೋಹ ಮಾಡಿದಂತಾಗುವುದು. ಸೆರೆಮನೆಯ ಏಕಾಂತವು ತಪೋವನವೆಂದು ನಾವು ಹೇಳುವುದಿಲ್ಲ. ಅಲೀಪುರದ ಅದೇ ಮೊಕದ್ದಮೆಯಲ್ಲಿ ಶಿಕ್ಷೆ ಹೊಂದಿ ಅಂಡಮಾನಕ್ಕೆ ಹೋದ ಉಲ್ಲಾಸಕರ ದತ್ತರು 1912ರಲ್ಲಿ ಅಲ್ಲಿಯ ಹಿಂಸೆಯಿಂದ ಬುದ್ಧಿಭ್ರಮಣೆಗೆ ಗುರಿಯಾದರು. ಆ ವರ್ಷವೇ ಇಂದುಭೂಷಣ ರಾಯರು ಅಲ್ಲಿ ಕೊರಳಿಗೆ ಉರುಲು ಹಾಕಿಕೊಂಡರು. ಅವರಲ್ಲಿ ಶ್ರದ್ಧೆ ಸಾಲದಾಯಿತೆಂದು ಬೆರಳು ತೋರಿಸುವವನು ಪಾಪಿ. ಎಲ್ಲ ಬೀಜಗಳೂ ಬಂಡೆಯ ಮೇಲೆ ಮೊಳೆಯಬೇಕೆಂದು ಯಾರೂ ಹೇಳಬಾರದು. ದುಃಖವು ತಾನಾಗಿ ಯಾರನ್ನೂ ಉದ್ಧರಿಸುವುದಿಲ್ಲ. ಕೆಲವರ ಪಾಲಿಗೆ ಕತ್ತಲೆಯಲ್ಲಿ ಒಂದು ದೀಪವು ದೊರೆಯಿತು. ಆ ದೀಪದ ಗುಣವನ್ನು ತಿಳಿಯುವುದಷ್ಟೇ ನಮ್ಮ ಉದ್ದೇಶ.

ಧುಳೆಯ ಆದಿತ್ಯವಾರಗಳು

ಅಂತರ್ಮುಖತೆಯು ಮಹಾಪುರುಷರ ಸ್ವತ್ತು, ಸಾಮಾನ್ಯರಿಗೆ ನಿಲುಕದ್ದು ಎನ್ನುವವರು 1932ರ ಧುಳೆಯ ಸೆರೆಮನೆಯನ್ನು ನೆನೆಯಬೇಕು. ಸತ್ಯಾಗ್ರಹದಲ್ಲಿ ಹಿಡಿದು ತಂದ ನೂರಾರು ಜನರಿಂದ ಆ ವರ್ಷ ಮಹಾರಾಷ್ಟ್ರದ ಸೆರೆಮನೆಗಳು ತುಂಬಿದ್ದವು. ದುಂಡುಮೇಜಿನ ಪರಿಷತ್ತಿನಿಂದ ಗಾಂಧೀಜಿಯವರು ಬರಿಗೈಯಲ್ಲಿ ಬಂದಿದ್ದರು. ಜನವರಿ ತಿಂಗಳಲ್ಲಿಯೇ ಅವರನ್ನು ಮತ್ತೆ ಸೆರೆಗೆ ಹಾಕಿದ್ದರು. ಚಳವಳಿಯ ಮುಂದಿನ ದಾರಿಯು ಯಾರಿಗೂ ಕಾಣುತ್ತಿರಲಿಲ್ಲ. ಆ ದಿನಗಳಲ್ಲಿ ವಿನೋಬಾ ಭಾವೆಯವರು ಫೆಬ್ರವರಿ 21ರ ಆದಿತ್ಯವಾರದಿಂದ ಮೊದಲುಮಾಡಿ ಜೂನ್ 19ರ ಆದಿತ್ಯವಾರದ ವರೆಗೆ, ವಾರಕ್ಕೊಂದು ಅಧ್ಯಾಯದಂತೆ, ಹದಿನೆಂಟು ವಾರ ಜೊತೆಯ ಕೈದಿಗಳಿಗೆ ಗೀತೆಯನ್ನು ಸರಳವಾದ ಮರಾಠಿಯಲ್ಲಿ ಹೇಳಿದರು. ಸಾನೆ ಗುರೂಜಿಯವರು ಅಲ್ಲಿಯೇ ಕೈದಿಗಳಾಗಿದ್ದುದು ನಾಡಿನ ಪುಣ್ಯ. ಅವರು ಅದೆಲ್ಲವನ್ನೂ ಬರೆದುಕೊಂಡರು. ಆ ಬರಹವೇ ‘ಗೀತಾಪ್ರವಚನ’ವಾಗಿ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಮನೆಮನೆಯನ್ನು ಹೊಕ್ಕಿತು.

ಈ ಪ್ರವಚನಗಳಲ್ಲಿ ಒಂದು ವಿಶೇಷವಿದೆ. ಕೇಳಲು ಕುಳಿತವರಿಗೆ ಬಿಡುಗಡೆಯು ಯಾವಾಗ ಬರುವುದೆಂಬ ಭವಿಷ್ಯವನ್ನು ಅವು ಹೇಳುವುದಿಲ್ಲ. ಸರಕಾರವು ಬೀಳುವುದೆಂಬ ಧೈರ್ಯವನ್ನು ಕೊಡುವುದಿಲ್ಲ. ಮಾಡುತ್ತಿರುವ ಕೆಲಸದಲ್ಲಿ ಮನಸ್ಸಿಡುವುದು ಹೇಗೆಂಬುದನ್ನು ಹೇಳುತ್ತವೆ. ಹತ್ತೊಂಬತ್ತು ವರ್ಷಗಳ ಮೇಲೆ, 1951ರ ಏಪ್ರಿಲ 18ರಂದು, ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಮಿಯಿಲ್ಲದ ಹರಿಜನರಿಗಾಗಿ ವಿನೋಬಾರು ಕೇಳಿದಾಗ ಒಬ್ಬರು ನೂರು ಎಕರೆಗಳನ್ನು ಕೊಟ್ಟರು; ಅಲ್ಲಿಂದ ಭೂದಾನದ ಪಾದಯಾತ್ರೆಯು ಹೊರಟಿತು. 1957ರಲ್ಲಿ ಅವರು ನಮ್ಮ ಮೈಸೂರಿನ ಬಳಿಯ ಯಲವಾಲಕ್ಕೂ ಬಂದರು. ಗ್ರಾಮದಾನದ ವಿಚಾರಕ್ಕಾಗಿ ನಡೆದ ಪರಿಷತ್ತಿನಲ್ಲಿ ಬೇರೆ ಬೇರೆ ಪಕ್ಷಗಳ ಮುಂದಾಳುಗಳು ಅಲ್ಲಿ ಕೂಡಿದ್ದರು. ದಾನವಾಗಿ ಬಂದ ಭೂಮಿಯಲ್ಲಿ ಬಹಳಷ್ಟು ಸಾಗುವಳಿಗೆ ಬಾರದ್ದಾಗಿತ್ತು, ಹಂಚದೆ ಉಳಿದುದೂ ಬಹಳ. ಇದನ್ನು ನಾವು ಬಲ್ಲೆವು. ಆದರೂ ಸೆರೆಯ ಆದಿತ್ಯವಾರಗಳಲ್ಲಿ ಕುಳಿತು ಚಿಂತಿಸಿದ ಮನುಷ್ಯನು ಮುಂದೆ ವರ್ಷಗಟ್ಟಲೆ ದೇಶವನ್ನು ಕಾಲ್ನಡಿಗೆಯಿಂದ ಸುತ್ತಿದನೆಂಬುದು ಸುಳ್ಳಾಗುವುದಿಲ್ಲ.

ಪ್ರಾರ್ಥನೆಯ ಹೊತ್ತು

ಗಾಂಧೀಜಿಯವರ ವಿಷಯವನ್ನು ವಿಸ್ತರಿಸುವ ಅಗತ್ಯವಿಲ್ಲ. ಎಲ್ಲರಿಗೂ ತಿಳಿದುದೇ ಇದೆ. ಎರಡು ಸಂಗತಿಗಳನ್ನು ಮಾತ್ರ ಹೇಳುವೆವು. ಅವರು ಗುಜರಾಥಿಯಲ್ಲಿ ಮಾಡಿದ ಗೀತೆಯ ಅನುವಾದವಾದ ‘ಅನಾಸಕ್ತಿಯೋಗ’ವು ಪ್ರಕಟವಾದ ದಿನವು 1930ರ ಮಾರ್ಚ್ 12. ದಾಂಡಿಯ ಉಪ್ಪಿಗಾಗಿ ಸಾಬರಮತಿಯಿಂದ ಅವರು ಹೊರಟ ದಿನವೂ ಅದೇ. ಮುಂದೆ ಯರವಡೆಯ ಸೆರೆಯಲ್ಲಿದ್ದಾಗ ಅದನ್ನು ‘ಮಂದಿರ’ವೆಂದು ಕರೆದು, ಮಂಗಳವಾರ ಮಂಗಳವಾರ ಆಶ್ರಮವಾಸಿಗಳಿಗೆ ವ್ರತಗಳನ್ನು ಕುರಿತು ಪತ್ರ ಬರೆದರು.

ಎರಡನೆಯದು ಇನ್ನೂ ಗಂಭೀರವಾದುದು. 1946ರಲ್ಲಿ ನೌಖಾಲಿಯಲ್ಲಿ ಮನೆಗಳು ಉರಿದ ಮೇಲೆ ಎಪ್ಪತ್ತೇಳು ವರ್ಷದ ಆ ವೃದ್ಧರು ಅಲ್ಲಿಗೆ ಹೋಗಿ ಹಳ್ಳಿಯಿಂದ ಹಳ್ಳಿಗೆ ಬರಿಗಾಲಿನಲ್ಲಿ ನಡೆದರು. ಜೀವಮಾನದ ಕನಸು ಕಣ್ಣೆದುರಿಗೇ ಒಡೆಯುತ್ತಿತ್ತು. ಆ ದಿನಗಳಲ್ಲಿ ತಮ್ಮ ಸುತ್ತಲೂ ಕತ್ತಲೆಯೇ ಕಾಣುತ್ತಿದೆಯೆಂದು ಅವರು ಮರೆಮಾಚದೆ ಹೇಳಿಕೊಂಡರು. ಆದರೂ ಸಂಜೆಯ ಪ್ರಾರ್ಥನೆಯು ನಿಲ್ಲಲಿಲ್ಲ. ಮರುದಿನದ ನಡಿಗೆಯೂ ನಿಲ್ಲಲಿಲ್ಲ. 1947ರ ಆಗಸ್ಟ್ 15ರಂದು ದಿಲ್ಲಿಯು ದೀಪಗಳಿಂದ ಬೆಳಗುತ್ತಿರುವಾಗ ಅವರು ಕಲಕತ್ತೆಯ ಮುಸಲ್ಮಾನರೊಬ್ಬರ ಹಳೆಯ ಮನೆಯಲ್ಲಿ ಉಪವಾಸ, ಪ್ರಾರ್ಥನೆ, ನೂಲುವಿಕೆ ಇವುಗಳಲ್ಲಿ ದಿನವನ್ನು ಕಳೆದರು. ದಿಲ್ಲಿಯ ಪ್ರಾರ್ಥನಾಸಭೆಗಳಲ್ಲಿ ಕುರಾನಿನ ಪಠಣಕ್ಕೆ ಯಾರಾದರೂ ಅಡ್ಡಿಮಾಡಿದರೆ, ಆ ಭಾಗವನ್ನು ಕೈಬಿಡಲೊಪ್ಪದೆ ಪ್ರಾರ್ಥನೆಯನ್ನೇ ನಿಲ್ಲಿಸಿದ ದಿನಗಳುಂಟು. 1948ರ ಜನವರಿ 30ರಂದು ಗುಂಡು ತಗಲಿದಾಗಲೂ ಅವರು ಪ್ರಾರ್ಥನೆಗೇ ಹೋಗುತ್ತಿದ್ದರು.

ಆಶೆ ಬೇರೆ, ಭರವಸೆ ಬೇರೆ

ಈ ನಾಲ್ವರ ವೃತ್ತಾಂತವನ್ನು ಒಟ್ಟಿಗಿಟ್ಟು ನೋಡಿದಾಗ ನಮಗೆ ತೋರುವುದೇನೆಂದರೆ, ಅವರಿಗೆ ದೊರೆತುದನ್ನು ‘ಆಶೆ’ ಎಂಬ ಶಬ್ದದಿಂದ ಕರೆಯಲು ಬರುವುದಿಲ್ಲ. ನಮ್ಮ ಭಾಷೆಯಲ್ಲಿ ಎರಡು ಶಬ್ದಗಳಿವೆ. ಆಶೆಯೆಂದರೆ ಇಂಥದು ಆಗಲೆಂಬ ಬಯಕೆ. ಅದು ಮುಂದಿನ ದಿನದ ಫಲಕ್ಕೆ ಕೈಚಾಚಿರುತ್ತದೆ. ಫಲವು ಬಾರದೆ ಹೋದರೆ ಆಶೆಯ ಹೊಟ್ಟೆಯಲ್ಲಿಯೇ ನಿರಾಶೆಯು ಹುಟ್ಟುತ್ತದೆ. ಇನ್ನೊಂದು ಶಬ್ದವು ಭರವಸೆ. ಮನೆಯ ಹಿರಿಯರ ಮೇಲೆ, ಜೀವದ ಗೆಳೆಯನ ಮೇಲೆ ನಾವು ಭಾರ ಹಾಕಿ ನಿಲ್ಲುವೆವಲ್ಲ, ಅದು ಭರವಸೆ. ಅದು ನಾಳೆಯ ಲೆಕ್ಕವನ್ನು ಕೇಳುವುದಿಲ್ಲ. ಇಂದು ನಿಲ್ಲಲು ನೆಲವನ್ನು ಕೊಡುತ್ತದೆ.

ಲೋಕಮಾನ್ಯರು ಸ್ವರಾಜ್ಯವನ್ನು ಕಾಣಲಿಲ್ಲ. ಗಾಂಧೀಜಿಯವರು ಕಂಡ ಸ್ವರಾಜ್ಯವು ಅವರು ಬಯಸಿದ ರೂಪದ್ದಾಗಿರಲಿಲ್ಲ. ಆಶೆಯ ತಕ್ಕಡಿಯಲ್ಲಿ ತೂಗಿದರೆ ಇಬ್ಬರೂ ಸೋತವರು. ಆದರೆ ನಿರಾಶರಾಗಿ ಕೈಚೆಲ್ಲಿ ಕುಳಿತವರ ಸಾಲಿನಲ್ಲಿ ಇವರು ಕಾಣುವುದಿಲ್ಲ. ದಿನವೂ ಕೆಲವು ಗಳಿಗೆ ಅವರು ಒಳಗೆ ಹೋಗಿ ಫಲದ ಲೆಕ್ಕದ ವಹಿಯನ್ನು ಕೆಳಗಿಟ್ಟು ಬರುತ್ತಿದ್ದುದರಿಂದಲೇ ಅವರಿಗೆ ಹೊರಗಿನ ಭಾರವನ್ನು ಹೊರಲು ಹೆಗಲು ಖಾಲಿಯಿದ್ದಿತು. ಧ್ಯಾನವು ಲೋಕದ ಸುದ್ದಿಯನ್ನು ಬದಲಿಸುವುದಿಲ್ಲ. ಸುದ್ದಿಯನ್ನು ಕೇಳಿದ ಮೇಲೆಯೂ ಎದ್ದು ಕೆಲಸಕ್ಕೆ ಹೋಗುವ ಮನುಷ್ಯನನ್ನು ಸಿದ್ಧಪಡಿಸುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಅದರ ಹೆಸರಿನಲ್ಲಿ ಕೊಡುವೆವೆನ್ನುವವರ ವಿಷಯದಲ್ಲಿ ಎಚ್ಚರಿಕೆಯಿಂದಿರುವುದು ಲೇಸು.

ಎಚ್ಚರಿಕೆಯ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. 2024ರ ಡಿಸೆಂಬರದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಡಿಸೆಂಬರ 21ನ್ನು ಜಾಗತಿಕ ಧ್ಯಾನದಿನವೆಂದು ಗೊತ್ತುಮಾಡಿತು. ಇದು ಸಂತೋಷದ ಸಂಗತಿ. ಆದರೆ ಧ್ಯಾನವು ಇಂದು ಪೇಟೆಯ ಸರಕೂ ಆಗಿದೆ. ಹತ್ತು ನಿಮಿಷಕ್ಕೆ ಇಷ್ಟು ಶಾಂತಿ, ತಿಂಗಳ ಚಂದಾ ಇಷ್ಟು ರೂಪಾಯಿ ಎಂದು ಮೊಬೈಲಿನಲ್ಲಿಯೇ ಅಂಗಡಿ ತೆರೆದಿರುವವರಿದ್ದಾರೆ. ಅದರಿಂದ ಒಬ್ಬರಿಗೆ ನಿದ್ದೆ ಬಂದರೆ ನಮ್ಮ ತಕರಾರಿಲ್ಲ. ನೆರೆಮನೆಯವನ ಅಳುವು ಕೇಳಿಸದಂತೆ ಕಿವಿಗೆ ಹತ್ತಿ ತುಂಬುವುದಕ್ಕೆ ಧ್ಯಾನವೆಂಬ ಹೆಸರನ್ನಿಡುವುದಾದರೆ ಮಾತ್ರ ತಕರಾರಿದೆ. ಕಾಯಕವನ್ನು ಬಿಟ್ಟ ಪೂಜೆಯನ್ನು ನಮ್ಮ ಶರಣರು ಮೆಚ್ಚಲಿಲ್ಲ. ಸಂಧ್ಯಾವಂದನೆಯಾಗಲಿ, ಇಷ್ಟಲಿಂಗಪೂಜೆಯಾಗಲಿ, ನಮಾಜಾಗಲಿ, ಇಗರ್ಜಿಯ ಮೌನವಾಗಲಿ, ಅದು ನಿಜವಾದುದೋ ಅಲ್ಲವೋ ಎಂಬುದು ಆಸನದಿಂದೆದ್ದ ಮೇಲಿನ ಮೊದಲ ಗಳಿಗೆಯಲ್ಲಿ ತಿಳಿಯುತ್ತದೆ.

ನಮ್ಮದೊಂದು ಮಾತು

ಇಷ್ಟೆಲ್ಲ ಹೇಳಿದ ಮೇಲೆ, ಇದರಲ್ಲಿ ನಿಮ್ಮ ಅನುಭವವೇನೆಂದು ಕೇಳುವ ಹಕ್ಕು ವಾಚಕರಿಗುಂಟು. ಹುಡುಗತನದಲ್ಲಿ ಪಾಠಶಾಲೆಯಲ್ಲಿ ನಾವು ಗೀತೆಯನ್ನು ಬಾಯಿಪಾಠ ಮಾಡಿದೆವು. ತಪ್ಪಿದರೆ ಗುರುಗಳ ಬೆತ್ತವಿದ್ದಿತು. ಅರ್ಥವನ್ನು ಯಾರು ಕೇಳಿದರು? ಶ್ಲೋಕಗಳು ಗಂಟಲಿನಲ್ಲಿ ಉಳಿದವು; ಮುಂದೆ ಪತ್ರಿಕೆಯ ಗಡಿಬಿಡಿಯಲ್ಲಿ ಅವು ಅಲ್ಲಿವೆಯೆಂಬುದೂ ಮರೆತುಹೋಗಿತ್ತು.

2021ರ ಏಪ್ರಿಲ, ಮೇ ತಿಂಗಳುಗಳನ್ನು ಯಾರೂ ಮರೆತಿರಲಾರರು. ಮಹಾಮಾರಿಯ ಎರಡನೆಯ ಅಲೆಯಲ್ಲಿ ನಮ್ಮ ಪತ್ರಿಕೆಯ ಒಂದು ಪುಟದ ನಿಧನವಾರ್ತೆಗಳು ಮೂರು ಪುಟಗಳಾದವು. ನಮ್ಮ ಕಚೇರಿಯಲ್ಲಿ ಕರಡಚ್ಚು ತಿದ್ದುತ್ತಿದ್ದ ಹಿರಿಯರೊಬ್ಬರು ಒಂದು ಸೋಮವಾರ ಜ್ವರವೆಂದು ಮನೆಗೆ ಹೋದವರು ಮತ್ತೆ ಬರಲಿಲ್ಲ. ಅವರ ನಿಧನವಾರ್ತೆಯ ಕರಡು ಮೇಜಿನ ಮೇಲೆ ಬಂದಾಗ ಅದನ್ನು ತಿದ್ದಲು ಅವರಿರಲಿಲ್ಲ, ನಾವೇ ತಿದ್ದಿದೆವು. ಅವರ ಹೆಸರಿನಲ್ಲಿಯೇ ಒಂದು ಅಕ್ಷರದೋಷವಿದ್ದಿತು. ಆ ದಿನದ ಮೇಲೆ ಹಲವು ದಿನ ಅಗ್ರಲೇಖನವನ್ನು ಬರೆಯಲು ನಮ್ಮ ಕೈ ಏಳಲಿಲ್ಲ. ಬರೆದು ಆಗುವುದೇನು ಎಂದು ನಾವೂ ಕೇಳಿಕೊಂಡೆವು. ಇಂದು ನಮ್ಮ ಚಂದಾದಾರರು ಎಲ್ಲಿ ನಿಂತಿದ್ದಾರೋ ಅಂದು ನಾವು ಅಲ್ಲಿಯೇ ನಿಂತಿದ್ದೆವು.

ಬೆಳಗಿನ ಜಾವ ನಿದ್ದೆ ಬಾರದೆ ಮನೆಯ ಜಗಲಿಯ ಮೇಲೆ ಕುಳಿತಾಗ, ನಾವು ಕರೆಯದೆಯೇ ಆ ಹಳೆಯ ಶ್ಲೋಕಗಳು ಒಂದೊಂದಾಗಿ ಬಂದವು. ಯಾವ ದರ್ಶನವೂ ಆಗಲಿಲ್ಲ; ಯಾವ ಬೆಳಕೂ ಕಾಣಲಿಲ್ಲ; ಸುಳ್ಳು ಹೇಳಬಾರದು. ಶ್ಲೋಕಗಳು ಮುಗಿದ ಮೇಲೆ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಲೆಕ್ಕಾಚಾರವು ನಿಂತಿದ್ದಿತು, ಅಷ್ಟೆ. ಅಷ್ಟರಲ್ಲಿ ಪತ್ರಿಕೆ ಹಂಚುವ ಹುಡುಗನು ಸೈಕಲ್ಲಿನ ಮೇಲೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೀದಿಯ ತಿರುವಿನಲ್ಲಿ ಬಂದನು. ಅವನು ಬರುತ್ತಿರುವಾಗ ನಾವು ಬರೆಯದೆ ಇರುವುದು ಹೇಗೆ? ಅಂದು ಮಧ್ಯಾಹ್ನ ಊರಿನ ಆಸ್ಪತ್ರೆಗಳಲ್ಲಿ ಖಾಲಿಯಿರುವ ಹಾಸಿಗೆಗಳ ಪಟ್ಟಿಯನ್ನು ನಿತ್ಯವೂ ಪ್ರಕಟಿಸುವ ವ್ಯವಸ್ಥೆಯನ್ನು ಮಾಡಿದೆವು. ಅದರಿಂದ ಎಷ್ಟು ಜೀವಗಳು ಉಳಿದವೋ ನಾವು ಎಣಿಸಿಲ್ಲ.

ನಮ್ಮ ಚಂದಾದಾರರಲ್ಲಿ ನಮ್ಮದು ಒಂದೇ ವಿಜ್ಞಾಪನೆ. ಅವರು ಧ್ಯಾನಕ್ಕೆ ಕುಳಿತುಕೊಳ್ಳಲಿ. ಪತ್ರಿಕೆಯು ಬರುವ ಮೊದಲೇ ಕುಳಿತುಕೊಳ್ಳಲಿ. ಅದಾದ ಮೇಲೆ ಪತ್ರಿಕೆಯನ್ನು ಬಿಚ್ಚಲಿ. ಅದರೊಳಗಿನ ನೂರು ದುಃಖಗಳಲ್ಲಿ ತಮ್ಮ ಕೈಗೆ ಎಟುಕುವಂಥದು ಒಂದಾದರೂ ಇದ್ದೀತು: ಒಬ್ಬ ವಿಧವೆಯ ಪಿಂಚಣಿಯ ಅರ್ಜಿ, ಒಂದು ಕೇರಿಯ ಕುಡಿಯುವ ನೀರು, ಫೀ ತುಂಬಲಾಗದೆ ಶಾಲೆ ಬಿಟ್ಟ ಒಬ್ಬ ಹುಡುಗಿ. ಕಚೇರಿಯ ಕಾಗದಪತ್ರಗಳ ದಾರಿಯನ್ನು ಅವರಷ್ಟು ಬಲ್ಲವರು ನಮ್ಮ ಊರಲ್ಲಿ ಹೆಚ್ಚು ಜನರಿಲ್ಲ. ಲೋಕವನ್ನು ನೋಡಿಕೊಳ್ಳುವ ಹೊರೆಯನ್ನು ಅವರು ನಮ್ಮೊಬ್ಬರ ಮೇಲೆ ಹೊರಿಸಿದ್ದಾರೆ. ಅದನ್ನು ಒಬ್ಬರೇ ಹೊರುವುದು ನಮ್ಮಿಂದಾಗದು.

ಅವರ ಹೆಸರನ್ನು ನಾವು ಚಂದಾದಾರರ ಪಟ್ಟಿಯಿಂದ ಇನ್ನೂ ತೆಗೆದಿಲ್ಲ. ಒಂದನೆಯ ತಾರೀಖಿಗೂ ಪತ್ರಿಕೆಯು ಅವರ ಬಾಗಿಲಿಗೆ ಹೋಗುವುದು. ಬೇಡವಾದರೆ ಹುಡುಗನ ಕೈಯಲ್ಲಿ ಹಿಂದಕ್ಕೆ ಕಳಿಸಲಿ, ನಾವು ಬೇಸರಪಟ್ಟುಕೊಳ್ಳುವುದಿಲ್ಲ.